ಕಸಿಯ ಕೆಳಗಿನ ಚಿಗುರು

ಮೂರು ವರ್ಷ ತಮ್ಮ ಸಾಕಿದ ಮೇಲೆ ಆ ಬಳ್ಳಿಗುಲಾಬಿಯನ್ನು ಅಕ್ಕ ಕಂಡದ್ದು ಅಂದೇ ಮೊದಲು. ಹಿತ್ತಲ ಗೋಡೆಗೆ ಆನಿಸಿದ ಮರದ ಹಂದರವನ್ನು ಅದು ತುದಿಯವರೆಗೆ ಮುಚ್ಚಿತ್ತು. ಕೊಂಬೆಗಳನ್ನೆಲ್ಲ ಅಡ್ಡಕ್ಕೆ ಬಾಗಿಸಿ, ಹಳೆಯ ಬಟ್ಟೆಯ ಪಟ್ಟಿಗಳಿಂದ ಹದವಾಗಿ ಕಟ್ಟಲಾಗಿತ್ತು. ಕಟ್ಟಿದ್ದರಲ್ಲಿ ತಪ್ಪಿರಲಿಲ್ಲ, ಕಟ್ಟಿಸಿಕೊಂಡದ್ದೇ ತಪ್ಪು ಗಿಡ.

ಸಸಿತೋಟದಲ್ಲಿ ನಲವತ್ತು ವರ್ಷ ಗುಲಾಬಿಗೆ ಕಸಿ ಕಟ್ಟಿದ ಕೈ ಅಕ್ಕನದು. ಅವಳು ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದಳು. ತಾಯಿ ತೀರಿಕೊಳ್ಳುವ ಹಿಂದಿನ ವರ್ಷ, ತಾಯಿಯ ಗುಲಾಬಿಯನ್ನು ಕಾಡುಗುಲಾಬಿಯ ಬೇರಿಗೆ ತಾನೇ ಕೂಡಿಸಿದ ಗಂಟು ಅಲ್ಲಿಯೇ ಇತ್ತು. ಹಂದರವೇರಿದ ಕೊಂಬೆಗಳೆಲ್ಲ ಆ ಗಂಟಿನ ಕೆಳಗಿನಿಂದ, ಕಾಡುಗುಲಾಬಿಯ ಬೇರಿನಿಂದಲೇ ಹೊರಟಿದ್ದವು. ಗಂಟಿನ ಮೇಲೆ ಉಳಿದದ್ದು ಹಸಿಗಾಯದ ಒಂದು ಮೋಟು ಮಾತ್ರ.

"ಇಲ್ಲಿದ್ದ ಕೊಂಬೆ ಏನಾಯ್ತೋ?"

"ಅದಾ? ಸೊರಗಿತ್ತು ಅಕ್ಕ. ನೀನು ಬರ್ತೀಯ ಅಂತ ಬೆಳಿಗ್ಗೆ ಕತ್ತರಿಸಿ ಚೊಕ್ಕ ಮಾಡಿದೆ."

"ಅಮ್ಮನ ಗುಲಾಬಿ ಅದು. ಉಳಿದಿದ್ದು ಅದೊಂದೇ ಕೊಂಬೆ. ನೀನು ಗೊಬ್ಬರ ಹಾಕಿದ್ದೆಲ್ಲ ಕಾಡುಗಿಡಕ್ಕೆ."

"ಆದ್ರೂ ಎಷ್ಟು ಹುಲುಸಾಗಿದೆ ನೋಡು."

"ಕೋಗಿಲೆ ಮರಿ ಸಾಕಿದ ಕಾಗೆ ನೀನು. ಕಾಗೆಗಾದ್ರೂ ಕೊನೆಗೊಂದು ಹಾಡು ಸಿಗುತ್ತೆ, ನಿನಗೆ ಬರೀ ಮುಳ್ಳು. ಎಲ್ಲಿ ಎಸೆದೆ?"

ಅವನು ಕಸದ ಡ್ರಮ್ಮಿನತ್ತ ಕೈ ತೋರಿದ. ಅಕ್ಕ ಮುಚ್ಚಳ ತೆಗೆದಳು. ಕೊಳೆತ ಸಿಪ್ಪೆ, ಹಳಸಿದ ಎಂಜಲು, ಅದರ ನಡುವೆ ಬಿಳಿ ಹುಳುಗಳ ಮಿಸುಕಾಟ.

"ಕೈಗವಸು ತರ್ತೀನಿ, ಇರು."

"ನೀನೇ ಇಟ್ಕೋ. ಮುಖ ಮುಚ್ಕೊಳ್ಳೋಕೆ ಬೇಕಾಗುತ್ತೆ."

ತೋಳು ಮೊಣಕೈವರೆಗೆ ಲೋಳೆಯೊಳಗೆ ಇಳಿಯಿತು. ಅವಳಿಗೆ ಹೇಸಿಗೆ ಹುಟ್ಟಿಸಿದ್ದು ಹುಳುಗಳಿಗಿಂತ ಹೆಚ್ಚಾಗಿ ತಮ್ಮನ ಆ ಚೊಕ್ಕತನ: ಕೊಬ್ಬಿದ್ದನ್ನು ಮೆರೆಸಿ, ಸೊರಗಿದ್ದನ್ನು ಎಂಜಲಿಗೆ ಎಸೆಯುವ ಚೊಕ್ಕತನ.

ಕೊಂಬೆ ಮೂರು ತುಂಡಾಗಿ ಸಿಕ್ಕಿತು. ಎರಡು ಒಳಗೇ ಒಣಗಿದ್ದವು. ಮೂರನೆಯದನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡಿತು. ಎಲೆಗಳ ಬುಡದಲ್ಲಿ ಚಿಗುರೊಡೆಯುವ ಎರಡು ಕಣ್ಣುಗಳಿದ್ದವು. ಅವಳು ಅದನ್ನು ತೊಳೆದು, ಕಾಡುಗಿಡದ ದಪ್ಪ ಕೊಂಬೆಯೊಂದರ ಬುಡದಲ್ಲಿ ತೊಗಟೆ ಸೀಳಿ, ಎರಡೂ ಕಣ್ಣುಗಳನ್ನು ಕೆತ್ತಿ ತೆಗೆದು ಒಳಗೆ ಕೂರಿಸಿ ಪಟ್ಟಿಯಿಂದ ಬಿಗಿದಳು. ಕಳ್ಳನ ಮಡಿಲಲ್ಲೇ ಕೂಸನ್ನು ಮಲಗಿಸಬೇಕಾಯಿತಲ್ಲ ಎಂದು ಅವಳ ಮೈ ಮುದುಡಿತು.

"ಮೂರು ವಾರ ಮುಟ್ಟಬೇಡ. ಕಣ್ಣು ಹಿಡಿದ್ರೆ ಅದರ ಮೇಲಿರೋ, ಆಚೀಚೆ ಇರೋ ಕಾಡುಕೊಂಬೆ ಎಲ್ಲ ಹೋಗಬೇಕು."

"ಎಲ್ಲಾನೂ?"

"ಎಲ್ಲಾನೂ."

ಮೂರು ವಾರದ ಮೇಲೆ ಅಕ್ಕನೇ ಬಂದು ಪಟ್ಟಿ ಬಿಚ್ಚಿದಳು. ಒಂದು ಕಣ್ಣು ಕಪ್ಪಾಗಿ ಉದುರಿತು. ಇನ್ನೊಂದು ಉಬ್ಬಿ, ಕೆಂಪಗೆ ನಿಂತಿತ್ತು. ನೆರೆಯವರೆಲ್ಲ ಹೊಗಳಿದ ತನ್ನ ಹಸಿರು ಗೋಡೆಯನ್ನು ಅವನು ಕೆಳಗಿನಿಂದ ಮೇಲಕ್ಕೆ ನೋಡಿದ.

"ಅರ್ಧ ಬಿಟ್ರೆ ಆಗಲ್ವಾ?"

ಅಕ್ಕ ಗರಗಸವನ್ನು ಅವನ ಕೈಗಿಟ್ಟು, ಮುಖ ತಿರುಗಿಸಿ ನಿಂತಳು. ಅದರ ಸದ್ದು ಶುರುವಾಗಲು ಬಹಳ ಹೊತ್ತು ಹಿಡಿಯಿತು.