ಲಗಮವ್ವನ ಭಂಡಾರ

ವಾರ್ಡಿನಲ್ಲಿ ಹಾಕಲೇಬೇಕಾದ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಲಗಮವ್ವ ಮುತ್ತವ್ವನ ಮಂಚದ ಮೇಲೆ ಬಾಗಿದಳು. ವಿಭೂತಿಯ ಕೆಳಗೆ, ಹುಬ್ಬುಗಳ ನಡುವೆ ಒಂದು ಚಿಟಿಕೆ ಭಂಡಾರದ ಅರಿಶಿನ ಒತ್ತಿ, "ಬೀರಪ್ಪ ಕಾಯ್ತಾನ, ಲಗೂನ ಏಳ ನಮ್ಮವ್ವಾ" ಎಂದಳು. ದೇವರ ಹೆಸರನ್ನು ಅರಿವೆಯ ಹಿಂದಿನಿಂದ ಗೊಣಗುವುದು ಅವಳ ಮನಸ್ಸಿಗೆ ಒಗ್ಗದು. ಆಮೇಲೆ ಅತ್ತ ತಿರುಗಿ ಸೆರಗಿನೊಳಗೆ ಸಣ್ಣಗೆ ಕೆಮ್ಮಿದಳು.

ಜಮಖಂಡಿಯ ಆ ದವಾಖಾನೆಗೆ ಅವಳು ಬಂದದ್ದು ಸೊಸೆ ಭಾಗ್ಯಾಳ ಮುರಿದ ಕಾಲಿಗಾಗಿ. ಮಗ ಮಾಳು ಕುರಿ ಹಿಂಡಿನ ಜೊತೆ ಹೊಳೆಯಾಚೆ ಇದ್ದ. ಹೀಗಾಗಿ ಹಾಸಿಗೆ ಬಿಟ್ಟೇಳದ ಸೊಸೆಗೆ ಅತ್ತೆಯೇ ಗತಿ. ಆದರೆ ಲಗಮವ್ವ ಸುಮ್ಮನೆ ಕೂರುವ ಜೀವವೇ? ಎರಡೇ ದಿನದಲ್ಲಿ ವಾರ್ಡಿನ ಹೆಣ್ಣುಮಕ್ಕಳ ಸುಖದುಃಖವೆಲ್ಲ ಅವಳಿಗೆ ಬಾಯಿಪಾಠವಾಯಿತು. ಬೆಳಿಗ್ಗೆ ಸೊಸೆಗೆ ಭಂಡಾರ ಹಚ್ಚಿ, ಹಾಗೆಯೇ ಸಾಲಿಡೀ ಹಚ್ಚುತ್ತ ಹೋಗುತ್ತಿದ್ದಳು. ಬೇಡವೆಂದವರಿಲ್ಲ. ಬನಹಟ್ಟಿಯ ಮುತ್ತವ್ವ, ಉಬ್ಬಸದ ಮುದುಕಿ, ಅವಳು ಬರುವ ಮೊದಲೇ ಹಣೆ ಒರೆಸಿಕೊಂಡು ಕಾಯುತ್ತಿದ್ದಳು.

ಕೆಮ್ಮಿನ ಸುದ್ದಿಯನ್ನು ಮಾತ್ರ ಲಗಮವ್ವ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹೊರಗೆ ಹಾಕುತ್ತಾರೆ, ಸೊಸೆಯನ್ನು ಎತ್ತಿ ಕೂರಿಸುವವರಾರು?

ಮೂರು ದಿನ ಕಳೆದ ಮೇಲೆ ಮುತ್ತವ್ವನಿಗೆ ಜ್ವರ ಏರಿ, ಉಸಿರು ಸಾಲದಾಯಿತು. ಅವಳನ್ನು ಹಿಂಬದಿಯ ಕೋಣೆಗೆ ಸಾಗಿಸಿ ಆಕ್ಸಿಜನ್ ಹಚ್ಚಿದರು. ಇನ್ನೂ ಇಬ್ಬರು ಕೆಮ್ಮತೊಡಗಿದರು. ನರ್ಸ್ ಮಾಯಾ ವಾರ್ಡಿನ ನಡುವೆ ನಿಂತು ಒಂದೊಂದೇ ಹಳದಿ ಹಣೆ ನೋಡಿದಳು.

"ಆಯಿ, ಭಂಡಾರ ಹಚ್ಚೂ ಮುಂದ ಮಾಸ್ಕ ತಗೀತೀರೇನ್ರಿ?"

"ದೇವರ ಹೆಸರ ಹೇಳಬೇಕಲ್ಲವಾ."

"ಕೆಮ್ಮ ಯಾವಾಗಿಂದ ಐತ್ರಿ?"

ಲಗಮವ್ವ ಭಂಡಾರದ ಚೀಲದ ದಾರ ಬಿಗಿಯತೊಡಗಿದಳು. ಮಂಚದಿಂದ ಭಾಗ್ಯಾ ಮೆಲ್ಲಗೆ, "ಖರೆ ಹೇಳ್ರಿ ಅತ್ತಿ" ಎಂದಳು.

ಲಗಮವ್ವನ ಮೂಗಿನೊಳಗೆ ಕಡ್ಡಿ ಹಾಕಿ ನೋಡಿದರು. ಕೊರೊನಾ ಎಂದಾಯಿತು.

"ಅದು ಹೋಗಿ ಯಾವ ಕಾಲಾತು ಬಿಡವಾ."

"ಎಲ್ಲಿ ಹೋಗೇತ್ರಿ? ನಿಮಗ ನೆಗಡಿ, ಕೆಮ್ಮ ಇಷ್ಟರಾಗ ಹೋಕ್ಕೈತಿ. ನೀವು ಮಾರಿಗಿ ಮಾರಿ ಹಚ್ಚಿ ಮಾತಾಡಿದ್ರ ನಿಮ್ಮ ಉಸುರು ಅವರ ಮೂಗಿಗಿ ಹೋಕ್ಕೈತಿ. ಉಬ್ಬಸಾ ಇದ್ದವ್ರ ಎದಿ ತಡಿಯೂದಿಲ್ರಿ." ಮಾಯಾ ಬೈಯಲಿಲ್ಲ. ಬೈದಿದ್ದರೆ ಲಗಮವ್ವನಿಗೆ ಹಗುರಾಗುತ್ತಿತ್ತು. "ಭಾಗ್ಯಾನ್ನ ನಾ ನೋಡಕೋತೇನಿ. ನೀವು ಹೊರಗಿರ್ರಿ."

ಅಂಗಳದ ಬೇವಿನ ಕೆಳಗೆ ಲಗಮವ್ವ ಕುಕ್ಕರಿಸಿದಳು. ಭಂಡಾರದ ಚೀಲ ಮಡಿಲಲ್ಲಿತ್ತು. ಮುತ್ತವ್ವನಿಗೇನಾದರೂ ಆದರೆ ಈ ಕೈಯಿಂದಲೇ ಆದಂತೆ ಎಂದುಕೊಂಡಳು.

ಅಷ್ಟರಲ್ಲಿ ಮುತ್ತವ್ವನ ಮಗ ಶಿವಯೋಗಿ ಹುಡುಕಿಕೊಂಡು ಬಂದ. "ಇಲ್ಲೇ ಅದೀರೇನ್ರಿ? ಅವ್ವ ನಿಮ್ಮನ್ನ ಕೇಳಾಕತ್ತಾಳ. ಇವತ್ತ ಭಂಡಾರ ಹಚ್ಚಿಲ್ಲಂತ. ಒಂದೀಟ ಬರ್ರಿ."

ಅವನಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು.

"ದೂರ ನಿಂದರಪ್ಪಾ," ಎಂದಳು ಲಗಮವ್ವ. "ನನ್ನ ಜಡ್ಡ ನಿಮ್ಮವ್ವಗ ಹತ್ತೈತಿ. ಕೆಮ್ಮ ಮುಚ್ಚಿಟ್ಟು ಹಚ್ಚೇನಿ ನಾ."

ಶಿವಯೋಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮುಖ ಬಿಗಿದುಕೊಂಡಿತ್ತು. "ಆಕಿಗೇನ ಹೇಳಬ್ಯಾಡ್ರಿ. ನಿಮ್ಮ ಹಾದಿ ನೋಡಾಕತ್ತಾಳ" ಎಂದು ಒಳಗೆ ಹೋದ.

ಲಗಮವ್ವ ಎದ್ದು ದವಾಖಾನೆಯ ಹಿಂಬದಿಗೆ ನಡೆದಳು. ಮುಚ್ಚಿದ ಕಿಟಕಿಯ ಗಾಜಿನಾಚೆ ಮುತ್ತವ್ವ ಮಲಗಿದ್ದಳು. ಮೂಗು ಬಾಯಿಗೆ ಆಕ್ಸಿಜನ್, ಹಣೆ ಖಾಲಿ. ಇವಳನ್ನು ಕಂಡದ್ದೇ ಅವಳ ಕಣ್ಣು ಅರಳಿತು.

ಲಗಮವ್ವ ಮಾಸ್ಕನ್ನು ಮೂಗಿನ ಮೇಲಕ್ಕೆ ಏರಿಸಿ, ಗಟ್ಟಿಯಾಗಿ ಒತ್ತಿಕೊಂಡಳು. ಅದರ ಹಿಂದಿನಿಂದಲೇ ಬೀರಪ್ಪನ ಹೆಸರು ಹೇಳಿ, ಚಿಟಿಕೆ ಭಂಡಾರ ತೆಗೆದು ಗಾಜಿಗೆ ಒತ್ತಿದಳು.

ಒಳಗೆ ಮುತ್ತವ್ವ ತಲೆದಿಂಬಿನಿಂದ ತುಸು ತಲೆಯೆತ್ತಿ, ಆ ಹಳದಿ ಬೊಟ್ಟಿನ ಕಡೆಗೆ ಹಣೆ ಒಡ್ಡಿದಳು.