ವಾಡಿಕೆಯಲ್ಲದ ಖರೀದಿ

ಮರ್ವಿನ್ ಪಾಸ್ಕೋ ಒಂಬತ್ತು ವರ್ಷದಿಂದ ಅಂಗಡಿಯಲ್ಲಿ ಕೈಬುಟ್ಟಿ ಹಿಡಿಯುವ ಗಿರಾಕಿ. ಕುರಿಮಾಂಸದ ಎರಡು ತುಂಡು, ಒಂದು ಬ್ರೆಡ್ಡು, ಅರ್ಧ ಹೂಕೋಸು, ಒಂದು ಲೀಟರು ಹಾಲು. ಇಷ್ಟಕ್ಕೆ ತಳ್ಳುಗಾಡಿ ಹಿಡಿದರೆ ಗಾಡಿಯೇ ನಕ್ಕೀತು. ಆ ಶನಿವಾರ ಬೆಳಿಗ್ಗೆ ಮಾತ್ರ ಅವನು ವಾಲರೂ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಗಾಡಿಯನ್ನೇ ಎಳೆದುಕೊಂಡ. ಮೊದಲ ತಿರುವಿನಲ್ಲೇ ಅದು ಟೊಮೆಟೊ ಡಬ್ಬಿಗಳ ಗೋಪುರಕ್ಕೆ ಗುದ್ದಿತು. ಅಭ್ಯಾಸವಿರಲಿಲ್ಲ.

ಅದು ಸೆಪ್ಟೆಂಬರಿನ ಕೊನೆಯ ಶನಿವಾರ, ಫುಟ್‌ಬಾಲ್ ಫೈನಲ್ಲಿನ ದಿನ. ಮಧ್ಯಾಹ್ನ ಎರಡಕ್ಕೆ ಆಟ ಶುರುವಾಯಿತೆಂದರೆ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಹಾಗೆಂದು ಯಾರೂ ತಂತಮ್ಮ ಮನೆಯಲ್ಲಿ ಕೂತು ನೋಡುವುದೂ ಇಲ್ಲ; ಯಾರದಾದರೂ ಹಿತ್ತಲಲ್ಲಿ ಸಾಸೇಜು ಸುಡುತ್ತ, ಬಿಯರು ಹಿಡಿದು, ರೆಫರಿಯನ್ನು ಗುಂಪಾಗಿ ಬೈಯುತ್ತ ನೋಡಬೇಕು. ಹೆಂಡತಿ ಗ್ಲೆನಿಸ್, ಕ್ಯಾರವಾನ್ ಮಾರುವವನೊಬ್ಬನ ಜೊತೆ ಕ್ವೀನ್ಸ್‌ಲ್ಯಾಂಡಿಗೆ ಹೊರಟುಹೋದ ಮೇಲೆ ಮರ್ವಿನ್ ಫೈನಲ್ಲುಗಳನ್ನೆಲ್ಲ ಒಬ್ಬನೇ ನೋಡಿದ್ದ. ಒಬ್ಬನೇ ಬೈದರೆ ಅದು ಬೈಗುಳದ ಹಾಗೆ ಕೇಳಿಸುವುದಿಲ್ಲ, ಕಾಯಿಲೆಯ ಹಾಗೆ ಕೇಳಿಸುತ್ತದೆ ಎಂಬುದು ಅವನ ಅನುಭವ.

ಅವನು ಬಂದರಿನ ಗೋಧಿ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಲಾರಿಗಳ ತೂಕ ನೋಡಿ ನಿವೃತ್ತನಾದವನು. ಕೆಲಸವೆಲ್ಲ ಒಂದು ಪುಟ್ಟ ಕಿಟಕಿಯ ಹಿಂದೆ. ಸುತ್ತಲ ಹತ್ತೂರಿನ ಲಾರಿಗಳು ಅವನಿಗೆ ಪರಿಚಯ, ಲಾರಿಯೊಳಗೆ ಕೂತವರು ಅಷ್ಟಾಗಿ ಅಲ್ಲ. ಈ ಸಲ ಏನನ್ನಿಸಿತೋ, ಬೀದಿಯ ಐದು ಮನೆಗಳ ಅಂಚೆ ಡಬ್ಬಿಗೆ ಚೀಟಿ ಹಾಕಿದ್ದ: 'ಫೈನಲ್ ನಮ್ಮಲ್ಲಿ. ಒಂದೂವರೆಗೆ ಬನ್ನಿ. ಏನೂ ತರಬೇಡಿ.' ಮಕ್ಕಳು ಮರಿ ಸೇರಿ ಹನ್ನೆರಡು ಜನ. ಜವಾಬು ಕೊಟ್ಟವನು ಒಬ್ಬನೇ, ಎದುರು ಮನೆಯ ಕೋಲಿನ್: "ನೋಡೋಣ ಮಾರಾಯ, ಹೆಂಗಾಗುತ್ತೋ."

ಆ ಊರಿನಲ್ಲಿ ಈ ಮಾತಿಗೆ ಬರುವುದಿಲ್ಲ ಎಂದೇ ಅರ್ಥ. ಅಲ್ಲೇ ಹುಟ್ಟಿ ಬೆಳೆದ ಮರ್ವಿನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಹಟ ಹಿಡಿದು ಬರುತ್ತಾರೆ ಎಂದು ನಂಬಿದ. ನಂಬಿ, ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ತೊಳೆದ, ಟೀವಿಯನ್ನು ಹಿಂದಿನ ಜಗಲಿಗೆ ಸಾಗಿಸಿದ.

ಗಲ್ಲೆಯಲ್ಲಿ ರೇಲೀನ್ ಇದ್ದಳು. ಎಂಟರಿಂದ ಎಂಬತ್ತರವರೆಗೆ ಎಲ್ಲ ಗಿರಾಕಿಗಳನ್ನೂ 'ಚಿನ್ನ' ಅನ್ನುವ ಹೆಂಗಸು.

"ನಲವತ್ತು ಸಾಸೇಜಾ? ಏನ್ ಚಿನ್ನ, ಮದುವೆ ಗಿದುವೆನಾ?"

"ಫೈನಲ್ಲಿಗೆ. ಒಂದಿಷ್ಟು ಜನ ಬರ್ತಿದಾರೆ ನಮ್ಮನೆಗೆ," ಅಂದ ಮರ್ವಿನ್, ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿ.

"ಅಂತೂ. ಸಿಗಡಿ ಬೇರೆ. ನಿಮ್ಮನೆಗೆ ಸಿಗಡಿ ಹೋಗಿದ್ದು ನಾನಂತೂ ನೋಡಿಲ್ಲಪ್ಪ."

ಸಿಗಡಿ, ಬನ್ನು, ಈರುಳ್ಳಿ, ಕೆನೆ ಹಚ್ಚಿದ ದೊಡ್ಡ ಕೇಕು, ಮಕ್ಕಳಿಗೆ ಲೆಮನೇಡು, ದೊಡ್ಡವರ ಬಿಯರಿಗೆ ಐಸು, ಒಂದು ಗ್ಯಾಸ್ ಸಿಲಿಂಡರು. ಎಲ್ಲ ಸೇರಿ ಇನ್ನೂರ ಹನ್ನೆರಡು ಡಾಲರು. ಮರ್ವಿನ್ ಕಾರ್ಡನ್ನು ಯಂತ್ರಕ್ಕೆ ತಾಗಿಸಿದ. ಅದು ಎರಡು ಸಲ ಕಿರುಗುಟ್ಟಿ ಕೆಂಪಾಯಿತು.

"ಒಳಗೆ ತೂರಿಸಿ ನಂಬರ್ ಒತ್ತು ಚಿನ್ನ. ಬೆಳಿಗ್ಗೆಯಿಂದ ಆಟ ಆಡ್ತಿದೆ ಇದು."

ತೂರಿಸಿ ಒತ್ತಿದ. ಮತ್ತೆ ಕೆಂಪು. ರೇಲೀನ್ ದನಿ ತಗ್ಗಿಸಿದಳು. ಕಾರ್ಡು ಹೋಗದಿದ್ದಾಗ ಗಲ್ಲೆಯವರು ದನಿ ತಗ್ಗಿಸುತ್ತಾರೆ. ತಗ್ಗಿಸಿದ ಕೂಡಲೇ ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸುತ್ತಾರೆ.

"ಹೋಗ್ತಿಲ್ಲ ಮರ್ವ್. ಬೇರೆ ಕಾರ್ಡಿದೆಯಾ?"

"ದುಡ್ಡಿದೆ. ಖಾತೇಲಿ ದುಡ್ಡಿದೆ ರೇಲೀನ್." ದುಡ್ಡಿಲ್ಲದವರೂ ಮೊದಲು ಹೇಳುವುದು ಇದನ್ನೇ ಎಂದು ಹೇಳಿಯಾದ ಮೇಲೆ ಹೊಳೆಯಿತು.

"ಇದೆ ಅಂತ ನಂಗೊತ್ತಿಲ್ವಾ? ನೀನು ಖರ್ಚು ಮಾಡಿದ್ರೆ ತಾನೇ."

"ಬಿಡು ಮಾರಾಯ, ನಾನ್ ಕೊಡ್ತೀನಿ," ಎಂದು ಹಿಂದಿನಿಂದ ಒಂದು ಕೈ ಕಾರ್ಡು ಚಾಚಿತು. ಎದುರು ಮನೆಯ ಕೋಲಿನ್. ಅವನ ಗಾಡಿಯಲ್ಲಿ ಎರಡು ಪೆಟ್ಟಿಗೆ ಬಿಯರು, ಮೇಲೊಂದು ಕೇಕು.

"ನಮ್ಮನೆ ಊಟಕ್ಕೆ ನೀನು ದುಡ್ಡು ಕೊಡೋದಾ? ಬಂದು ತಿನ್ನು, ಸಾಕು."

ಕೋಲಿನ್ ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಕಾರ್ಡು ಯಂತ್ರವನ್ನು ನೋಡತೊಡಗಿದ. ಏನೂ ತಿಳಿಯದ ರೇಲೀನ್ ನಡುವೆ ಬಾಯಿ ಹಾಕಿದಳು.

"ಯಾಕೆ ಕೋಲಿನ್, ಈ ಸಲ ಕಡೀನಾ ಊರಿಗೆ ಹೋಗ್ತಿಲ್ವಾ? ನಿನ್ನ ಭಾವಮೈದ ನಿನ್ನೆ ಬಂದು ಕೊಚ್ಕೊಳ್ತಿದ್ದ, ನಿಮ್ಮ ಬೀದಿಗ್ ಬೀದಿನೇ ಅವನ ಮನೆಗ್ ಬರ್ತಿದೆ ಅಂತ…"

ಮಾತು ಮುಗಿಯುವ ಮೊದಲೇ ಅವಳಿಗೂ ತಿಳಿದುಹೋಯಿತು.

"ನಮ್ಮವಳು ಮೊದ್ಲೇ ಒಪ್ಕೊಂಡ್‌ಬಿಟ್ಟಿದ್ಲು ಮರ್ವ್," ಅಂದ ಕೋಲಿನ್. "ಹೇಳ್ಬೇಕು ಹೇಳ್ಬೇಕು ಅಂತಿದ್ದೆ."

"ಸರಿ ಸರಿ, ಅದಕ್ಕೇನು. ಬ್ಯಾಂಕಿಗೊಂದು ಫೋನ್ ಮಾಡ್ಕೊಂಡ್ ಬರ್ತೀನಿ. ಸಿಗಡಿ ಸ್ವಲ್ಪ ಫ್ರಿಜ್ಜಲ್ಲಿಡು ರೇಲೀನ್."

ಊರಿನ ಬ್ಯಾಂಕು ಮುಚ್ಚಿ ಮೂರು ವರ್ಷವಾಗಿತ್ತು. ಈಗ ಅಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುತ್ತಾರೆ. ಮರ್ವಿನ್ ಹೊರಗಿನ ಬೆಂಚಿನ ಮೇಲೆ ಕೂತು ಕಾರ್ಡಿನ ಬೆನ್ನಿನ ನಂಬರಿಗೆ ಫೋನು ಹಚ್ಚಿದ. ಇಪ್ಪತ್ತು ನಿಮಿಷ ಪಿಯಾನೊ ಕೇಳಿಸಿತು. ಆಮೇಲೆ ಯಾವುದೋ ದೂರದ ದೇಶದ ಹುಡುಗಿ, ಹೆಸರು ಮರಿಸೋಲ್ ಅಂದಳು.

"ನೀವು ನೀವೇ ಅಂತ ಖಚಿತ ಮಾಡ್ಕೋಬೇಕು ಸರ್. ಈಚೆಗೆ ಈ ಕಾರ್ಡಲ್ಲಿ ಕೊಂಡಿದ್ದು ಯಾವುದಾದ್ರೂ ಮೂರು ಹೇಳಿ."

"ಗುರುವಾರ ಕರಿದ ಮೀನು, ಆಲೂಗಡ್ಡೆ. ಹದಿನಾಲ್ಕು ಡಾಲರು. ಒಬ್ಬರದ್ದು."

"ಹೂಂ ಸರ್."

"ಅದರ ಹಿಂದಿನ ಗುರುವಾರ, ಮೀನು ಆಲೂಗಡ್ಡೆ."

"ಹೂಂ."

"ಅದರ ಹಿಂದಿನ ಗುರುವಾರ…"

"ಸಾಕು ಸರ್. ನೀವೇ."

ಆಕೆ ವಿವರಿಸಿದಳು. ಕಾರ್ಡು ಕೆಟ್ಟಿಲ್ಲ, ದುಡ್ಡೂ ಇದೆ. ಪ್ರತಿ ಶನಿವಾರ ಮೂವತ್ತು ಡಾಲರು ದಾಟದ ಕಾರ್ಡಿನಲ್ಲಿ ಇದ್ದಕ್ಕಿದ್ದಂತೆ ಇನ್ನೂರು ದಾಟಿದ್ದರಿಂದ ಕಂಪ್ಯೂಟರಿಗೆ ಅನುಮಾನ ಬಂದಿದೆ. ವಾಡಿಕೆಯಲ್ಲದ ಖರೀದಿ, ಕಾರ್ಡು ಕಳುವಾಗಿರಬೇಕು ಎಂದು ತಡೆದಿದೆ. ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು ಒಬ್ಬರಿದ್ದಾರೆ, ಅದು ಕಂಪ್ಯೂಟರು ಎಂದು ಮರ್ವಿನ್‌ಗೆ ಅನ್ನಿಸಿತು.

"ಇನ್ನೆರಡು ಪ್ರಶ್ನೆ ಸರ್, ಎಲ್ಲರಿಗೂ ಕೇಳ್ತೀವಿ. ಈಗ ನಿಮ್ಮ ಪಕ್ಕ ಯಾರಾದ್ರೂ ನಿಂತು ಹೀಗ್ ಹೇಳು ಹಾಗ್ ಹೇಳು ಅಂತಿದಾರಾ?"

ಮರ್ವಿನ್ ಪಕ್ಕಕ್ಕೆ ನೋಡಿದ. ಬೆಂಚಿನ ಆ ತುದಿಯಲ್ಲಿ ಒಂದು ಕಡಲಹಕ್ಕಿ ಕೂತಿತ್ತು. "ಇಲ್ಲಮ್ಮ. ಯಾರೂ ಇಲ್ಲ."

"ಈಚೆಗೆ ಯಾರಾದ್ರೂ ಹೊಸಬರು ಪರಿಚಯ ಆಗಿ, ತುಂಬ ಹಚ್ಕೊಂಡು, ಖರ್ಚು ಮಾಡ್ಸೋದು…"

"ಅಂಥದ್ದೇನೂ ಆಗ್ಲಿಲ್ಲ. ಆಗಿದ್ರೆ ಹೇಳ್ತಿದ್ದೆ, ಊರಿಗೆಲ್ಲ ಹೇಳ್ತಿದ್ದೆ."

ಅತ್ತ ಒಂದು ಚಿಕ್ಕ ನಗು ಹುಟ್ಟಿ ಅಡಗಿತು. "ಹಾಗಾದ್ರೆ ಈ ಖರೀದಿ ನಿಮ್ಮದೇ ಅಲ್ವಾ ಸರ್? ಹೌದು ಅಂದ್ರೆ ತಡೆ ತೆಗೀತೀನಿ. ಅಲ್ಲ ಅಂದ್ರೆ ಕಾರ್ಡನ್ನೇ ರದ್ದು ಮಾಡಿ ಹೊಸದು ಕಳಿಸ್ತೀನಿ."

ಅಲ್ಲ ಅಂದುಬಿಟ್ಟರೆ ಎಷ್ಟು ಸಲೀಸು. ಬ್ಯಾಂಕಿನವರು ಬಿಡಲಿಲ್ಲ ಎಂದು ಒಳಗೆ ಹೇಳಿದರಾಯಿತು. ಗಾಡಿ ಅಲ್ಲೇ ಉಳಿಯುತ್ತದೆ, ಜೇಬಿನ ಚಿಲ್ಲರೆಗೆ ಎರಡು ತುಂಡು ಮಾಂಸ ಸಿಗುತ್ತದೆ. ಬರುವವರು ಯಾರೂ ಇಲ್ಲ ಎಂದು ಈಗಂತೂ ಖಾತ್ರಿಯಾಗಿದೆ. ಅಂಗಡಿಯ ಗಾಜಿನಾಚೆ ಅಷ್ಟು ಹೊತ್ತೂ ಒಳಗೇ ಸುಳಿದಾಡುತ್ತಿದ್ದ ಕೋಲಿನ್ ಈಗ ಹಣ ಕೊಟ್ಟು, ಎದುರಿನ ಬಾಗಿಲು ಬಿಟ್ಟು ಪಕ್ಕದ ಬಾಗಿಲಿನಿಂದ ಗಾಡಿ ತಳ್ಳಿಕೊಂಡು ಹೋಗುತ್ತಿರುವುದು ಕಾಣಿಸಿತು.

"ಸರ್? ಇದ್ದೀರಾ?"

"ಇದ್ದೀನಿ," ಅಂದ ಮರ್ವಿನ್. "ನಂದೇ. ಖರೀದಿ ನಂದೇ. ಮನೇಲಿ ಪಾರ್ಟಿ ಇದೆ."

"ಪಾರ್ಟಿ ಚೆನ್ನಾಗ್ ಆಗ್ಲಿ ಸರ್."

ಈ ಸಲ ಯಂತ್ರ ಹಸಿರಾಯಿತು. ರೇಲೀನ್ ಚೀಲಗಳನ್ನು ಕಾರಿನವರೆಗೆ ತಂದುಕೊಟ್ಟಳು. "ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಐದರವರೆಗೆ ಡ್ಯೂಟಿ ಚಿನ್ನ, ಇಲ್ದಿದ್ರೆ ನಾನೇ ಬರ್ತಿದ್ದೆ," ಅಂದಳು. ಅದು ನಿಜವಿದ್ದಿರಲೂಬಹುದು.

ಒಂದೂವರೆಯಾಯಿತು, ಎರಡಾಯಿತು. ಮರ್ವಿನ್ ಒಲೆ ಹೊತ್ತಿಸಿ, ತುಸು ಯೋಚಿಸಿ, ಹನ್ನೆರಡು ಸಾಸೇಜು ಇಟ್ಟ. ಮೊದಲರ್ಧದ ಆಟ ಮುಗಿಯುವ ಹೊತ್ತಿಗೆ ಅವು ಕರಿಕಲಾಗಿದ್ದವು. ಆಗ ಹಿತ್ತಲ ಗೇಟು ಕಿರ್ರೆಂದಿತು. ಕೋಲಿನ್, ಕೈಯಲ್ಲಿ ಒಂದೇ ಒಂದು ಡಬ್ಬಿ ಬಿಯರು.

"ಐಸ್ ಮುಗೀತು ಅಂತ ತರೋಕ್ ಬಂದೆ," ಅಂದ. ಕಡೀನಾ ಹತ್ತು ನಿಮಿಷದ ದಾರಿ. ಅಲ್ಲಿ ಐಸು ಸಿಗುವ ಅಂಗಡಿ ಮೂರಿವೆ.

"ಕೂತ್ಕೋ."

"ಇಲ್ಲ, ಹೊರಟೆ." ಹೇಳಿ ಕೂತ. ನಾಲ್ಕು ಭಾಗದ ಆಟದಲ್ಲಿ ಮೂರನೆಯದು ಶುರುವಾಯಿತು. ಕೋಲಿನ್ ಸುಟ್ಟ ಸಾಸೇಜು ಒಂದಾದ ಮೇಲೊಂದು ನಾಲ್ಕು ತಿಂದ, ಚೆನ್ನಾಗಿದೆ ಎಂಬ ಸುಳ್ಳನ್ನು ಒಂದೇ ಸಲ ಹೇಳಿದ. ರೆಫರಿಗೆ ಕಣ್ಣಿಲ್ಲ ಎಂದು ಮರ್ವಿನ್ ಬೈದ. ಕಣ್ಣಿದೆ, ಅಪ್ಪ ಇಲ್ಲ ಎಂದು ಕೋಲಿನ್ ತಿದ್ದಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹೆಂಡತಿಯ ದನಿ ಮರ್ವಿನ್‌ಗೂ ಕೇಳಿಸುವಷ್ಟಿತ್ತು: ಎಲ್ಲಿ ಸತ್ತೆ?

"ಮರ್ವ್ ಮನೇಲಿ," ಅಂದ ಕೋಲಿನ್, ಟೀವಿಯಿಂದ ಕಣ್ಣು ತೆಗೆಯದೆ. "ಹೌದು ಕಣೇ, ಮರ್ವ್ ಮನೇಲಿ. ಬಂದೆ."

ಮರ್ವಿನ್ ಟೀವಿಯ ಸದ್ದು ತಗ್ಗಿಸಿದ್ದ. ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಹೆಚ್ಚಿಸಲಿಲ್ಲ.

ಆ ಭಾಗ ಮುಗಿಯಿತು. ಕೋಲಿನ್ ಎದ್ದು ನಿಂತು ಖಾಲಿ ಕುರ್ಚಿಗಳನ್ನು ನೋಡಿ, ಬೇರೆಲ್ಲೋ ನೋಡಿ ಹೇಳಿದ: "ನೀನೂ ಬಾರೋ ಕಾರಲ್ಲಿ. ಅಲ್ಲಿ ಎಲ್ಲ ನಮ್ಮವರೇ ಇರೋದು."

"ಸಿಗಡಿ ತಗೊಂಡ್ ಹೋಗು. ಅಲ್ಲಿ ಜನ ಜಾಸ್ತಿ ಇದಾರೆ," ಅಂದ ಮರ್ವಿನ್. ತಟ್ಟೆಗೆ ಕಾಗದ ಮುಚ್ಚಿ ಕೈಗಿಟ್ಟ. "ನಾನ್ ಬರಲ್ಲ ಮಾರಾಯ. ಚೀಟಿ ಹಾಕಿದೀನಲ್ಲ, ಯಾರಾದ್ರೂ ಬಂದ್ರೆ?"

ಕೋಲಿನ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗೇಟನ್ನು ಮೊಣಕಾಲಿನಿಂದ ದೂಡಿ ಹೋದ. ಕೊನೆಯ ಭಾಗದ ಆಟಕ್ಕೆ ಮರ್ವಿನ್ ತನ್ನ ಕುರ್ಚಿಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿಕೊಂಡ. ಅಲ್ಲಿಂದ ಟೀವಿಯೂ ಕಾಣುತ್ತಿತ್ತು, ಗೇಟೂ ಕಾಣುತ್ತಿತ್ತು.