ಎರಡು ಸೂರು ಕೂಡುವ ಮೂಲೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗೀಟಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ಅವಳ ಅಕ್ಕನ ಗಂಡ. ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಪೆನ್ಸಿಲಿನಲ್ಲಿ ಗೀಟು ಹಾಕಿ ಅಳೆಯುತ್ತಿದ್ದಳು. ಅದನ್ನು ನೋಡಿ ಭಾವ ತಮಾಷೆಗೆ ಕರೆದದ್ದು ಹೇಗೋ ಆಫೀಸಿಗೂ ಬಂದು ಅಂಟಿಕೊಂಡಿತ್ತು. ಹಾಗೆ ಗೀಟು ಎಳೆಯುತ್ತಲೇ ಇಪ್ಪತ್ತೆರಡು ವರ್ಷ ಕಳೆದಿದ್ದವು, ಮೊದಲು ಹಾಳೆಯ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ.

ಈ ವರ್ಷ ಆ ಗೀಟಿಗೂ ಸಂಚಕಾರ ಬಂತು. ಮೇಡಂ, ಅಂದರೆ ಆಫೀಸು ನಡೆಸುತ್ತಿದ್ದ ಆರ್ಕಿಟೆಕ್ಟು, ಹೊಸ ಸಾಫ್ಟ್‌ವೇರ್ ತರಿಸಿದರು. ಅದರಲ್ಲಿ ಗೋಡೆ ಬೇಕೆಂದರೆ ಗೋಡೆಯನ್ನೇ ನಿಲ್ಲಿಸಬೇಕು, ಚಾವಣಿ ಬೇಕೆಂದರೆ ಚಾವಣಿಯನ್ನೇ ಹೊದಿಸಬೇಕು. ಕಟ್ಟಡವನ್ನು ಪರದೆಯೊಳಗೆ ಪೂರ್ತಿ ಕಟ್ಟಿ, ಬೇಕಾದ ಕಡೆ ಕತ್ತರಿಸಿ ನಕ್ಷೆ ತೆಗೆಯುವುದು. ಮೂರು ತಿಂಗಳು ತಿಣುಕಾಡಿ ಗೀಟಮ್ಮ ಅದನ್ನೂ ಕೈವಶ ಮಾಡಿಕೊಂಡಳು.

ಅದರಲ್ಲಿ ಅವಳಿಗೆ ಸಿಕ್ಕ ಮೊದಲ ಕೆಲಸ ಒಂದು ಸಣ್ಣ ಕಣ್ಣಿನ ಆಸ್ಪತ್ರೆ. ಗೋಡೆ, ಕಿಟಕಿ, ಚಾವಣಿ ಎಲ್ಲ ಸಲೀಸಾಗಿ ಬಂದವು. ತಂಟೆ ಶುರುವಾದದ್ದು ಸಾಫಿಟ್ಟಿನಲ್ಲಿ. ಸಾಫಿಟ್ ಅಂದರೆ ಸೂರಿನ ಅಡಿಮೈ. ಬಾಗಿಲ ಹೊರಗೆ ನಿಂತು ಕತ್ತೆತ್ತಿದರೆ, ಗೋಡೆಯಿಂದ ಆಚೆ ಚಾಚಿದ ಚಾವಣಿಯ ಕೆಳಗೆ ಅಡ್ಡಡ್ಡ ಬಡಿದಿರುವ ಹಲಗೆ ಕಾಣುತ್ತದಲ್ಲ, ಅದು. ಮುಂಭಾಗದ ಸೂರಿಗೊಂದು ಹಲಗೆ ಎಳೆದಳು, ಪಕ್ಕದ ಸೂರಿಗೊಂದು ಎಳೆದಳು. ಎರಡೂ ಬಂದು ಕೂಡಬೇಕಾದ ಮೂಲೆಯಲ್ಲಿ ಒಂದು ಮೇಲೆ ನಿಂತಿತು, ಇನ್ನೊಂದು ಕೆಳಗೆ ನಿಂತಿತು. ನಡುವೆ ಗೇಣುದ್ದದ ಬಾಯಿ.

ಅಳಿಸಿ ಮತ್ತೆ ಎಳೆದಳು. ಸೇರಿಸುವ ಗುಂಡಿ ಒತ್ತಿದಳು. ಸಾಫ್ಟ್‌ವೇರ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ; ‘ಇವೆರಡನ್ನು ಸೇರಿಸಲಾಗುವುದಿಲ್ಲ’ ಎಂದು ಪ್ರತಿಸಲವೂ ಅದೇ ಹಳದಿ ಚೀಟಿ ತೋರಿಸಿತು.

ಹಿಂದಿನಿಂದ ಹಾದುಹೋಗುತ್ತಿದ್ದ ಮೇಡಂ ಬಗ್ಗಿ ನೋಡಿದರು. “ಅಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀಯಾ? ಅಲ್ಲೊಂದು ತುಂಡು ಅಂಟಿಸಿ ಮುಚ್ಚಿಬಿಡು. ಸೈಟಿನಲ್ಲಿ ಬಡಗಿಗಳು ಏನಾದ್ರೂ ಮಾಡ್ಕೋತಾರೆ.”

“ಸರಿ ಮೇಡಂ” ಅಂದಳು ಗೀಟಮ್ಮ. ಆದರೆ ಅವಳ ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಬಡಗಿ ಎಂಬ ಮಾತು ಕಿವಿಗೆ ಬಿದ್ದಿತ್ತು. ಅವಳ ಭಾವ ಬಡಗಿ. ನಾಲ್ಕು ವರ್ಷದಿಂದ ಅವರು ಅವಳೊಂದಿಗೆ ಮಾತು ಬಿಟ್ಟಿದ್ದರು.

ಆಗಿದ್ದು ಇಷ್ಟು. ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಇವಳು ನಕ್ಷೆ ಬರೆದಿದ್ದಳು. ಚಾವಣಿಯ ಮರಗೆಲಸ ಭಾವನದು. ಆ ಮನೆಗೂ ಈ ಆಸ್ಪತ್ರೆಯಂತೆ ಎರಡು ಕಡೆ ಎರಡು ಥರದ ಇಳಿಜಾರು. ಕೆಲಸದ ನಡುವೆ ಭಾವ ಎರಡು ಸಲ ಫೋನ್ ಮಾಡಿ, “ಮೂಲೆ ಕೂಡ್ತಾ ಇಲ್ಲ ಕಣಮ್ಮ, ಒಂದ್ಸಲ ಬಂದು ನೋಡು” ಅಂದಿದ್ದರು. ಇವಳಿಗೆ ಆಗ ಕೈತುಂಬ ಕೆಲಸ. ನಾಳೆ, ನಾಡಿದ್ದು ಎಂದು ತಳ್ಳಿದಳು. ಕಾದು ಸಾಕಾಗಿ ಭಾವ ತಮ್ಮ ಬುದ್ಧಿ ಓಡಿಸಿ, ಕಡಿದಾದ ಇಳಿಜಾರಿನ ಕಡೆ ತೊಲೆಗಳ ಕೆಳಗೆ ಗೇಣೆತ್ತರದ ಮರದ ದಿಮ್ಮಿ ಕೊಟ್ಟು ಚಾವಣಿ ಎತ್ತಿದರು. ನಕ್ಷೆಯಲ್ಲಿ ಇಲ್ಲದ್ದನ್ನು ಕಂಡು ಮೇಷ್ಟ್ರು ರಂಪ ಮಾಡಿದರು. ಎಲ್ಲರೂ ಸೈಟಿನಲ್ಲಿ ಸೇರಿದರು. ಭಾವ ಅಟ್ಟಣೆಯ ಮೇಲಿಂದ, “ಮೇಲೆ ಹತ್ತಿ ಬಾ, ತೋರಿಸ್ತೀನಿ” ಅಂದರು. ಗೀಟಮ್ಮ ನಕ್ಷೆಯ ಎರಡು ಹಾಳೆ ಹಿಡಿದು ಕೆಳಗೇ ನಿಂತು, “ಡ್ರಾಯಿಂಗ್ ಸರಿಯಾಗಿದೆ ಭಾವ. ನೀವು ಅದರ ಪ್ರಕಾರ ಮಾಡಿಲ್ಲ” ಅಂದುಬಿಟ್ಟಳು, ಹತ್ತು ಜನರ ಎದುರಿಗೆ.

ಭಾವ ಇಳಿದು ಬಂದು, ಉಳಿ ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಹೊರಟುಹೋದರು. ಬೇರೆ ಬಡಗಿ ಬಂದು ದಿಮ್ಮಿ ಕಿತ್ತು, ಮೂಲೆಗೆ ತಗಡು ಬಡಿದು ಕೈತೊಳೆದುಕೊಂಡ. ಅಂದಿನಿಂದ ಭಾವ ಚಾವಣಿಯ ಕೆಲಸವನ್ನೇ ಮುಟ್ಟಲಿಲ್ಲ, ಬಾಗಿಲು ಕಿಟಕಿ ಮಾಡಿಕೊಂಡಷ್ಟೇ ಉಳಿದರು. ಇವಳು ಅಕ್ಕನ ಮನೆಗೆ ಹೋದರೆ ಅವರು ಎದ್ದು ಹಿತ್ತಲಿನ ಕಾರ್ಖಾನೆಗೆ ನಡೆಯುತ್ತಿದ್ದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಗೀಟಮ್ಮ ಮೇಷ್ಟ್ರ ಮನೆಯ ಹಳೆಯ ಫೈಲು ತೆಗೆದಳು. ಅವೇ ಅಳತೆ ಹಾಕಿ ಆ ಮನೆಯನ್ನು ಹೊಸ ಸಾಫ್ಟ್‌ವೇರಿನಲ್ಲಿ ಕಟ್ಟಿದಳು. ಗೋಡೆ ಎರಡೂ ಕಡೆ ಒಂದೇ ಎತ್ತರ. ಸೂರು ಎರಡೂ ಕಡೆ ಅರವತ್ತು ಸೆಂಟಿಮೀಟರ್ ಆಚೆಗೆ. ಆದರೆ ಕಡಿದಾದ ಚಾವಣಿ ಅಷ್ಟೇ ದೂರಕ್ಕೆ ಹೆಚ್ಚು ಕೆಳಗಿಳಿಯುತ್ತದೆ. ಮೂಲೆಯಲ್ಲಿ ಇಪ್ಪತ್ತೆರಡು ಸೆಂಟಿಮೀಟರ್ ವ್ಯತ್ಯಾಸ. ಅವಳ ಮೊದಲ ಹಾಳೆಯಲ್ಲಿ ಮುಂಭಾಗದ ಸೂರು ಸರಿಯಾಗಿತ್ತು, ಎರಡನೆಯದರಲ್ಲಿ ಪಕ್ಕದ್ದು ಸರಿಯಾಗಿತ್ತು. ಮೂಲೆ ಯಾವ ಹಾಳೆಯಲ್ಲೂ ಇರಲಿಲ್ಲ. ಭಾವ ಮಾಡಿದಂತೆ ಕಡಿದಾದ ಕಡೆಯನ್ನು ಇಪ್ಪತ್ತೆರಡು ಸೆಂಟಿಮೀಟರ್ ಎತ್ತಿ ನೋಡಿದಳು. ಎರಡು ಹಲಗೆಯೂ ಬಂದು ಕೂಡಿಕೊಂಡವು.

ಅವಳು ಆ ಮೂಲೆಯನ್ನು ಒಂದು ಹಾಳೆಯಲ್ಲಿ ಮುದ್ರಿಸಿಕೊಂಡಳು.

ಅದೇ ಸಂಜೆ ನೇರ ಭಾವನ ಕಾರ್ಖಾನೆಗೆ ಹೋದಳು. ಅಕ್ಕ ಅಡುಗೆಮನೆ ಕಿಟಕಿಯಿಂದ ನೋಡಿ ಏನೋ ಕೇಳಹೊರಟವಳು, ತಂಗಿಯ ಮುಖ ಕಂಡು ಒಳಗೆ ಸರಿದಳು. ಭಾವ ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕಿ ನಯಮಾಡುತ್ತಿದ್ದರು. ನಿಲ್ಲಿಸಲಿಲ್ಲ.

“ಭಾವ, ಮೇಷ್ಟ್ರ ಮನೆ ಡ್ರಾಯಿಂಗ್ ತಪ್ಪಿತ್ತು” ಅಂದಳು. “ನೀವು ಮಾಡಿದ್ದೇ ಸರಿ.” ಮುದ್ರಿಸಿ ತಂದಿದ್ದ ಹಾಳೆಯನ್ನು ಹಲಗೆಯ ಮೇಲೆ ಇಟ್ಟಳು.

ಭಾವ ಕನ್ನಡಕ ಹಾಕಿಕೊಂಡು ನೋಡಿದರು.

“ಇದನ್ನ ನಾಲ್ಕು ವರ್ಷದ ಹಿಂದೆ ಬಾಯಲ್ಲೇ ಹೇಳಿದ್ದೆ.”

“ನನಗೆ ಗೊತ್ತಾಗಲಿಲ್ಲ ಭಾವ.”

“ಗೊತ್ತಾಗದೇ ಇರೋದು ತಪ್ಪಲ್ಲ. ನನಗೂ ಎಷ್ಟೋ ಗೊತ್ತಾಗಲ್ಲ.” ಹಾಳೆಯನ್ನು ಅವಳ ಕಡೆ ಸರಿಸಿದರು. “ಎರಡು ಸಲ ಕರೆದೆ, ಬರಲಿಲ್ಲ. ಮೂರನೇ ಸಲ ಬಂದೆ, ಏಣಿ ಹತ್ತಲಿಲ್ಲ. ಎಂಟು ಮೆಟ್ಟಿಲು. ಕೆಳಗೆ ನಿಂತು ನನ್ನ ಕೆಲಸ ತಪ್ಪು ಅಂದೆ. ಅದು ನನಗೆ ನುಂಗೋಕೆ ಆಗಲಿಲ್ಲ.”

ಗೀಟಮ್ಮ ಕಣ್ಣು ತುಂಬಿ ಬಂದದ್ದನ್ನು ಮರೆಮಾಡಲು ಕೆಳಗೆ ಬಿದ್ದ ಮರದ ಹೊಟ್ಟು ನೋಡುತ್ತ ನಿಂತಳು. ಭಾವ ಮತ್ತೆ ಉಜ್ಜುಗೊರಡು ಕೈಗೆತ್ತಿಕೊಂಡರು.

ಮರುದಿನ ಅವಳು ಮೇಷ್ಟ್ರಿಗೆ ಕಾಗದ ಬರೆಯುತ್ತೇನೆಂದಾಗ ಮೇಡಂ ಹುಬ್ಬು ಗಂಟಿಕ್ಕಿದರು. “ಮುಗಿದ ಮನೆ ಅದು. ನಮ್ಮದೇ ತಪ್ಪು ಅಂತ ನಾವೇ ಬರೆದು ಕೊಡೋದಾ?”

“ಬೇರೆಯವರ ಮೇಲೆ ಹಾಕಿದ್ದೀವಿ ಮೇಡಂ. ಆ ತಪ್ಪು ಇನ್ನೂ ಅವರ ತಲೆ ಮೇಲೇ ಕೂತಿದೆ.”

ಮೇಡಂ ಅವಳ ಪರದೆಯ ಮುಂದೆ ಕೂತು ಮಾದರಿಯನ್ನು ಅತ್ತಿತ್ತ ತಿರುಗಿಸಿ, ಮೂಲೆಯನ್ನು ಕೆಳಗಿನಿಂದ ನೋಡಿದರು. ಮೇಷ್ಟ್ರ ಮನೆಯ ಹಳೆಯ ಹಾಳೆಗಳ ಮೇಲೆ ಅವರ ಸಹಿಯೂ ಇತ್ತು. “ಬರಿ. ನಾನೂ ಸಹಿ ಹಾಕ್ತೀನಿ” ಅಂದರು.

ವಾರದೊಳಗೆ ಮೇಷ್ಟ್ರು ಕಾಗದ ಹಿಡಿದು ಕಾರ್ಖಾನೆಗೇ ಬಂದರಂತೆ. ಅಕ್ಕ ಫೋನಿನಲ್ಲಿ ಎಲ್ಲ ಒಪ್ಪಿಸಿದಳು. “ಅವತ್ತು ನಿಮಗೆ ಸಲ್ಲದ ಮಾತಾಡಿದೆ” ಅಂದರಂತೆ. ತಗಡಿನ ಮೂಲೆಯಲ್ಲಿ ನೀರಿಳಿದು ಗೋಡೆ ಪಾಚಿಗಟ್ಟಿದೆ, ನೀವೇ ಬಂದು ಸರಿಮಾಡಿ ಅಂದರಂತೆ. ಭಾವ ತಮ್ಮ ಮಂಡಿ ತಟ್ಟಿ ತೋರಿಸಿ, ಹತ್ತೋದು ಇನ್ನು ಆಗಲ್ಲ, ಕೆಲಸದವರನ್ನ ಮೇಲೆ ಹತ್ತಿಸಿ ಕೆಳಗಿನಿಂದ ಹೇಳಿಕೊಡ್ತೀನಿ ಅಂದರಂತೆ. “ಚಾ ಕುಡಿದು ಹೋದ್ರು. ಇವರು ರಾತ್ರಿ ಎರಡು ರೊಟ್ಟಿ ಜಾಸ್ತಿ ತಿಂದ್ರು” ಎಂದು ಅಕ್ಕ ನಕ್ಕಳು.

ಭಾನುವಾರ ಗೀಟಮ್ಮ ಅಕ್ಕನ ಮನೆಗೆ ಹೋದಾಗ ಭಾವ ಎದ್ದುಹೋಗಲಿಲ್ಲ. ಪೇಪರು ಮಡಿಚಿಟ್ಟು, “ಈಗ ಏನು ಕಟ್ತಾ ಇದ್ದೀಯಾ?” ಅಂದರು. ಅವಳು ಲ್ಯಾಪ್‌ಟಾಪ್ ತೆರೆದು ಆಸ್ಪತ್ರೆ ತೋರಿಸಿದಳು. ಚಾವಣಿ ಎತ್ತುವ ಬದಲು ಕಡಿದಾದ ಕಡೆಯ ಸೂರಿನ ಚಾಚನ್ನು ಮೂವತ್ತಮೂರು ಸೆಂಟಿಮೀಟರಿಗೆ ಮೊಟಕು ಮಾಡಿದ್ದಳು. ಎರಡು ಅಡಿಹಲಗೆಯೂ ಒಂದೇ ಮಟ್ಟಕ್ಕೆ ಬಂದಿದ್ದವು.

“ಹೀಗೂ ಮಾಡಬಹುದು” ಎಂದು ಭಾವ ಒಪ್ಪಿದರು. ಆಮೇಲೆ ಬೆರಳಿಟ್ಟು, “ಗಾಳಿ ಎಲ್ಲಿಂದ ಹೋಗುತ್ತೆ?” ಅಂದರು.

“ಎಲ್ಲಿಗೆ ಭಾವ?”

“ಚಾವಣಿ ಒಳಗೆ. ಹಲಗೆ ಹೀಗೆ ಒತ್ತಾಗಿ ಬಡಿದ್ರೆ ಒಳಗಿನ ತೇವ ಆಚೆ ಬರೋ ಹಾಗಿಲ್ಲ. ಐದು ವರ್ಷಕ್ಕೆ ತೊಲೆ ಕೊಳೀತದೆ. ಅಂಚಿನುದ್ದಕ್ಕೂ ಎರಡು ಬೆರಳಗಲ ಜಾಲರಿ ಬಿಡು. ಹಕ್ಕಿ ನುಗ್ಗದ ಹಾಗೆ ಸಣ್ಣ ಕಣ್ಣಿಂದು.”

ಅಲ್ಲೇ ಕೂತು ಗೀಟಮ್ಮ ಜಾಲರಿಯ ಪಟ್ಟಿ ಸೇರಿಸಿದಳು. ಭಾವ ಕುರ್ಚಿ ಹತ್ತಿರ ಎಳೆದುಕೊಂಡು, ಮೌಸು ಓಡಿದ ಕಡೆಯೆಲ್ಲ ಕಣ್ಣಾಡಿಸುತ್ತ, ಈ ತುದಿಯಲ್ಲಿ ಸಾಲದು, ಆ ತುದಿಯಲ್ಲಿ ಹೆಚ್ಚಾಯಿತು ಎಂದು ಹೇಳುತ್ತಲೇ ಇದ್ದರು. ಊಟಕ್ಕೆ ಅಕ್ಕ ಮೂರು ಸಲ ಕರೆಯಬೇಕಾಯಿತು.